ಕಾರಣದ ಕಾಲಂ

ನಿಟ್ಟುವಳ್ಳಿಯ ಎರಡನೇ ತಿರುವಿನಲ್ಲಿ ನಮ್ಮದು ಹಳದಿ ಮನೆ.
ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ,
ಆಟೋದವರ ಬಾಯಲ್ಲಿ ಮಾತ್ರ
'ಮಕ್ಕಳನ್ನ ಬಿಟ್ಟು ಹೋಗೋ ಮನೆ'.
ಆ ಮಾತು ಕೇಳಿ ಇಳಿದ ತಾಯಂದಿರು
ಗೇಟಿನ ಹೊರಗೇ ಒಂದು ಗಳಿಗೆ ನಿಂತುಬಿಡುತ್ತಾರೆ.

ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಮಾತ್ರೆ, ಎಷ್ಟು ರಾತ್ರಿ;
ಕೊನೆಯ ಕಾಲಂ: ಕಾರಣ.
ಮೈದುನನ ಮದುವೆ ಎನ್ನುತ್ತಾರೆ, ಗರ್ಭಕೋಶದ ಆಪರೇಷನ್,
ಹರಪನಹಳ್ಳಿ ಕೋರ್ಟಿನಲ್ಲಿ ವಾಯಿದೆ.
ಖೈರುನ್ನೀಸಾ ಪೆನ್ನು ಹಿಡಿದು ಕೂತೇ ಇದ್ದಳು.
'ಹಾಲಮ್ಮಕ್ಕಾ, ಕಾರಣ ಇಲ್ದಿದ್ರೆ ತಗೊಳ್ಳಲ್ವಾ?'
ಆಮೇಲೆ ಬರೆದರಾಯ್ತು ಬಿಡಮ್ಮಾ, ಅಂದೆ.

ಜುನೇದ, ಒಂಬತ್ತು ವರ್ಷ, ಹದಿನಾಲ್ಕು ಕಿಲೋ.
ಕತ್ತರಿಯಂತೆ ಒಂದರ ಮೇಲೊಂದು ಬಿಗಿದ ಕಾಲು.
ಮುಷ್ಟಿಯೊಳಗೆ ಬೆವರಿಗೆ ಮೆತ್ತಗಾದ
ಒಂದೇ ಒಂದು ಮಂಡಕ್ಕಿ ಕಾಳು.
ಎಡಕ್ಕೆ ಮಲಗಿಸಬೇಡ, ನೀರು ಚಮಚದ ತುದಿಯಲ್ಲಿ,
ಗಂಟಲು ಇಳಿದದ್ದು ನೋಡಿ ಇನ್ನೊಂದು ಗುಟುಕು,
ಫಿಟ್ಸ್ ಬಂದರೆ ಹೆದರಬೇಡ, ಹೆಸರು ಕರೆಯುತ್ತಿರು.
ಎಲ್ಲ ಹೇಳಿ, ಹೊರಟು, ತಿರುಗಿ ಬಂದು
ಮತ್ತೆ ಅದನ್ನೇ ಹೇಳಿ
ಹರಿಹರದ ಬಸ್ಸು ಹತ್ತಿದಳು, ಅಕ್ಕನ ಮನೆಗೆ.

ನಾನೇನು ದೇವತೆಯಲ್ಲ.
ಮೂರು ಗಂಟೆಗೆ ಯಾವ ಮಗು ಅತ್ತರೂ
ಮೊದಲು ಬರುವುದು ಸಿಟ್ಟು, ಆಮೇಲೆ ಸೊಂಟ ನೋವು,
ಕರುಣೆ ಬರುವುದು ಅವೆರಡೂ ಎದ್ದು ಕೂತ ಮೇಲೆ.
ಬಟ್ಟೆ ಒಣಗಿಯೇ ಇತ್ತು. ಜ್ವರವಿಲ್ಲ. ಇರುವೆ ಇಲ್ಲ.
ಎತ್ತಿಕೊಂಡೆ, ಅಡ್ಡಾಡಿದೆ, ಗದರಿದೆ ಕೂಡ.
ಅಳು ನಿಲ್ಲಲಿಲ್ಲ.
ಪಕ್ಕದ ಹಾಸಿಗೆಯ ರೇಣವ್ವ ಎಚ್ಚರಾಗಿ
ಕಣ್ಣು ಕಾಣದವಳು, ಕೈಯಿಂದಲೇ ಹುಡುಕಿ
ಅವನ ಪಾದ ಹಿಡಿದುಕೊಂಡಳು.

ಆಗ ಅವನ ತಲೆ ನನ್ನ ಮೂಗಿಗೆ ತಾಗಿತು.
ಕೂದಲ ತುಂಬ ಹೊಟ್ಟಿನ ಹೊಗೆ.
ಮೂರು ಗಂಟೆ! ಭಟ್ಟಿಗೆ ಬೆಂಕಿ ಹಾಕುವ ಹೊತ್ತು.
ಹುಟ್ಟಿದಂದಿನಿಂದ ಇವನ ಬೆಳಗಾಗುವುದೇ
ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದಿಗೆ,
ಅಮ್ಮ ಜರಡಿ ಹಿಡಿಯುವ ಸರಸರಕ್ಕೆ.
ನಮ್ಮ ಬೀದಿಯಲ್ಲೋ ನಾಯಿಗಳೂ ಮಲಗಿದ್ದವು.

ಸ್ಟೀಲ್ ಡಬ್ಬಿಗೆ ಒಂದು ಹಿಡಿ ಅಕ್ಕಿ ಹಾಕಿ
ಕತ್ತಲಲ್ಲೇ ಅಲ್ಲಾಡಿಸಿದೆ. ಸರ್... ಸರ್...
ಮೊದಲು ಕಣ್ಣು ತಿರುಗಿತು, ಆಮೇಲೆ ಕತ್ತು.
ತುಸು ತಡೆದು ಮುಷ್ಟಿ ಬಿಚ್ಚಿತು.
ಕಾಳು ಎಲ್ಲಿ ಬಿತ್ತೋ, ಬೆಳಿಗ್ಗೆ ಗುಡಿಸುವಾಗಲೂ ಸಿಗಲಿಲ್ಲ.
ಹಾಲಿನವನು ಬರುವವರೆಗೆ ಅಲ್ಲಾಡಿಸುತ್ತ ಕೂತಿದ್ದೆ,
ಬಲಗೈ ಸೋತರೆ ಎಡಗೈ,
ಇಲ್ಲದ ಮಂಡಕ್ಕಿ ಹುರಿಯುತ್ತ.

ಭಾನುವಾರ ಸಂಜೆ ಬಂದಳು.
ಏನು ಮಾಡಿದೆಯಮ್ಮಾ ಎರಡು ದಿನ?
ನಾಚಿಕೊಂಡಳು.
'ತಲೆಸ್ನಾನ ಮಾಡ್ದೆ ಅಕ್ಕಾ. ಚಿಲಕ ಹಾಕ್ಕೊಂಡು.
ಎಷ್ಟು ವರ್ಷ ಆಗಿತ್ತೋ. ಬಾಗಿಲು ತೆರೆದೇ ಇಟ್ಟು
ಒಂದು ಕಿವಿ ಹೊರಗಿಟ್ಟು ಮೈ ತೊಳೀತಿದ್ದೆ.
ಬಿಸಿನೀರು ಮುಗಿದ್ಮೇಲೂ ಒಳಗೇ ಕೂತಿದ್ದೆ, ಸುಮ್ನೆ.
ನಮ್ಮಕ್ಕ ಬಾಗಿಲು ಬಡಿದ್ಳು, ಬದುಕಿದ್ದೀಯೇನೇ ಅಂತ.'

ನಗುತ್ತಲೇ ಮಗನನ್ನು ಎತ್ತಿಕೊಂಡಳು.
ಜುನೇದ ಮೂಸಿದ. ಮುಖ ತಿರುಗಿಸಿದ.
ಸೋಪಿನ ವಾಸನೆಯ ಯಾರೋ ಹೆಂಗಸು!
ಮತ್ತೆ ಕಾಲು ಬಿಗಿಯಿತು, ಮತ್ತೆ ಅದೇ ಅಳು.
ಅವಳ ನಗು ನಿಂತ ಜಾಗದಲ್ಲೇ ನಿಂತಿತು.
ನನಗೆ ಏನು ಹೇಳಲೂ ತೋಚಲಿಲ್ಲ.

ಅವಳೇ ಚೀಲಕ್ಕೆ ಕೈ ಹಾಕಿ
ತೊಳೆಯದೆ ಉಳಿಸಿದ್ದ ಭಟ್ಟಿಯ ಓಢಣಿ ಎಳೆದು
ಒದ್ದೆ ಆರಿದ ಆ ಕೂದಲ ಮೇಲೆ ಹೊದ್ದುಕೊಂಡಳು.
ಹೊಗೆ ಬಂತು. ಹಿಂದೆಯೇ ಅಮ್ಮನೂ.

ಅವರು ಹೋದಮೇಲೆ ಖಾಲಿ ಕಾಲಂನಲ್ಲಿ
ನಾನೇ ಬರೆದೆ: ತಲೆಸ್ನಾನ.
ತಿಂಗಳ ಕೊನೆಗೆ ಲೆಕ್ಕ ನೋಡುವವರು
ಪಕ್ಕದಲ್ಲಿ ಕೆಂಪು ಪ್ರಶ್ನೆ ಚಿಹ್ನೆ ಹಾಕಿ ಹೋಗಿದ್ದಾರೆ.
ಅಕ್ಕಿಯ ಡಬ್ಬಿ ಕಿಟಕಿಯಲ್ಲೇ ಇದೆ.
ಈಗೀಗ ರೇಣವ್ವನೂ ಅದನ್ನು ಕೇಳುತ್ತಾಳೆ.